ಪೊಟ್ಯಾಷ್ ಚೀಲದ ಟಿಕ್ ಟಿಕ್

ಬಿಎಸ್ಸಿ ಎರಡನೇ ವರ್ಷದಲ್ಲಿ ಇದ್ದಾಗಿನ ಮಾತು. ನನ್ನ ಗೆಳೆಯ ದಾವಣಗೆರೆಯ ಗುಜರಿಯೊಂದರಿಂದ ಹಳೆಯ ಎಕ್ಸ್‌ರೇ ಕೊಳವೆಯೊಂದನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಮಾಯಕೊಂಡದ ಬಸ್ ಹತ್ತಿಸಿದ್ದ. ಹಲ್ಲಿನ ಡಾಕ್ಟರು ಬಳಸುವ ಯಂತ್ರದ್ದು, ಗಾಜು ಒಡೆದಿರಲಿಲ್ಲ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಹದಿನೈದು ದಿನ ಬಾಕಿ. ಹಳೇ ಟಿ.ವಿ.ಯ ಹೈ ವೋಲ್ಟೇಜ್ ಭಾಗ ತೆಗೆದು ಇದಕ್ಕೆ ಜೋಡಿಸಿ, ನಮ್ಮದೇ ಕೈಯ ಮೂಳೆಯ ಚಿತ್ರ ತೆಗೆದು ಕಾಲೇಜಿನಲ್ಲಿ ತೂಗುಹಾಕುವುದು ನಮ್ಮ ಯೋಜನೆ. ಮೊಬೈಲಿನಲ್ಲಿ ಅಂಥ ವಿಡಿಯೊಗಳನ್ನು ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಅವುಗಳಲ್ಲಿ ಎಲ್ಲವೂ ಸಲೀಸಾಗಿ ಕಾಣುತ್ತಿತ್ತು.

ನಮ್ಮ ದೊಡ್ಡಮ್ಮನ ಮಗ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಫಿಲ್ಮ್ ಕೇಳೋಣ ಅಂತ ಅವನ ಹತ್ತಿರ ಹೋದೆವು. ಬೈತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎದೆ ಮೇಲಿನ ಪುಟ್ಟ ಬ್ಯಾಡ್ಜ್ ತೋರಿಸಿದ.

“ನೋಡ್ರಪಾ, ಇದು ನಾನು ಎಷ್ಟು ವಿಕಿರಣ ತಗಂಡೆ ಅಂತ ಲೆಕ್ಕ ಇಡೋದು. ಆಗಾಗ ಲ್ಯಾಬಿಗೆ ಹೋಗಿ ಪರೀಕ್ಷೆ ಆಗಿ ಬರ್ತತಿ. ನಾನು ಸೀಸದ ಪರದೆ ಹಿಂದೆ ನಿಂತು ಗುಂಡಿ ಒತ್ತೋನು. ನೀವು ಪಡಸಾಲೆಯಾಗ ಕುಂತು ಒತ್ತೀವಿ ಅಂತೀರಿ. ಚಿಕ್ಕಮ್ಮ ಆ ಕಡೆ ಅಡುಗೆ ಮನೆಯಾಗ ಇರ್ತಾಳೆ. ನಡುವೆ ಇರೋ ಗೋಡೆ ಎಷ್ಟು ದಪ್ಪ ಐತಿ?”

ನಮಗೆ ಗೊತ್ತಿರಲಿಲ್ಲ. ಗೋಡೆಯ ದಪ್ಪ ಬಿಡಿ, ಆ ಕೊಳವೆಯಿಂದ ಯಾವ ದಿಕ್ಕಿಗೆ ಎಷ್ಟು ಬರುತ್ತದೆ ಅಂತ ಅಳೆಯುವ ಒಂದು ಸಾಧನವೂ ನಮ್ಮ ಬಳಿ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ಉಂಟುಮಾಡಲು ಹೊರಟಿದ್ದೆವು, ನೋಡಲು ಏನನ್ನೂ ಇಟ್ಟುಕೊಂಡಿರಲಿಲ್ಲ.

ಎಕ್ಸ್‌ರೇ ಹುಟ್ಟಿದ ಕಾಲದಲ್ಲಿ ಎಲ್ಲರೂ ನಮ್ಮ ಹಾಗೆಯೇ ಇದ್ದರು. 1895ರ ನವೆಂಬರ್ 8ರಂದು ರಾಂಟ್‌ಜೆನ್ ಆ ಕಿರಣ ಕಂಡ ಕೆಲವೇ ತಿಂಗಳಲ್ಲಿ ಊರೂರಿನ ಹವ್ಯಾಸಿಗಳು ಮನೆಯಲ್ಲೇ ಕೊಳವೆ ಉರಿಸತೊಡಗಿದರು. ಅಮೆರಿಕದಲ್ಲಿ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೊಳವೆ ಸರಿಯಾಗಿದೆಯೇ ಎಂದು ನೋಡಲು ತನ್ನದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದ. ಕೈ ಸುಟ್ಟು ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕೈಗಳನ್ನು ಕತ್ತರಿಸಿದರೂ ಉಳಿಯದೆ 1904ರಲ್ಲಿ ತೀರಿಕೊಂಡ. ಎಡಿಸನ್ ಎಕ್ಸ್‌ರೇ ಸಹವಾಸವನ್ನೇ ಬಿಟ್ಟರು. ಡ್ಯಾಲಿಗೆ ಗೊತ್ತಿರಲಿಲ್ಲ ಅನ್ನಬಹುದು, ನಮಗೆ ಹಾಗೆ ಹೇಳಿಕೊಳ್ಳುವ ಅವಕಾಶ ಇಲ್ಲ. ಕಾನೂನು ಕೂಡ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಎಕ್ಸ್‌ರೇ ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಅನುಮತಿ ಬೇಕು.

ಗುಜರಿ ಅಂದಾಗ ಇನ್ನೊಂದು ಹೇಳಲೇಬೇಕು. ಎಕ್ಸ್‌ರೇ ಕೊಳವೆಗೆ ಕರೆಂಟ್ ಇಲ್ಲದಿದ್ದರೆ ಅದು ಬರೀ ಗಾಜು ಮತ್ತು ಲೋಹ. ಆದರೆ ಕೋಬಾಲ್ಟ್–60ರಂಥ ವಿಕಿರಣ ಮೂಲಕ್ಕೆ ಸ್ವಿಚ್ ಇರುವುದಿಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಳಸದೆ ಬಿದ್ದಿದ್ದ ಗಾಮಾ ಯಂತ್ರವೊಂದು ಹರಾಜಿನಲ್ಲಿ ಮಾಯಾಪುರಿಯ ಗುಜರಿ ಸೇರಿತು. ಅದನ್ನು ಬಿಚ್ಚಿದವರಲ್ಲಿ, ಮುಟ್ಟಿದವರಲ್ಲಿ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕರು ಸತ್ತರು. ಗುಜರಿಯಲ್ಲಿ ಮೂರು ಎಲೆಯ ವಿಕಿರಣ ಚಿಹ್ನೆ ಇರುವ, ಅಥವಾ ಗಾತ್ರಕ್ಕೆ ಮೀರಿ ಭಾರ ಇರುವ ಲೋಹದ ಡಬ್ಬಿ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಹೇಳಿ. ಇದರಲ್ಲಿ ಧೈರ್ಯ ತೋರಿಸುವಂಥದ್ದು ಏನೂ ಇಲ್ಲ.

ಕೊಳವೆಯನ್ನು ಏನು ಮಾಡೋದು ಅಂತ ಕೇಳಿದ್ದಕ್ಕೆ ಅಣ್ಣ, “ಅದರ ವೈರು ಕತ್ತರಿಸಿ ಕಾಲೇಜಿನ ಬೀರುವಿನಾಗ ನೋಡಾಕ ಇಡ್ರಿ. ಮಾಡೋದಾದ್ರೆ ಕಿರಣ ಹೊರಡಿಸೋದು ಮಾಡಬ್ಯಾಡ್ರಿ, ಕಿರಣ ಎಣಿಸೋದು ಮಾಡ್ರಿ” ಅಂದ. ನಮಗೆ ಆಗ ಸಪ್ಪೆ ಅನ್ನಿಸಿತ್ತು.

ಎಣಿಸುವ ಯಂತ್ರಕ್ಕೆ ಮೊದಲು ಆರಿಸಿದ್ದು ಅಗ್ಗದ ದಾರಿ. ಬಿಪಿಡಬ್ಲ್ಯು34 ಎಂಬ ಪುಟ್ಟ ಫೋಟೊಡಯೋಡ್ ಇದೆ. ಬೆಳಕು ಬಿದ್ದರೆ ಕರೆಂಟ್ ಕೊಡುವ ಸಿಲಿಕಾನ್ ಚೂರು. ಬೆಳಕು ಸಂಪೂರ್ಣ ಮುಚ್ಚಿದರೆ, ಬೀಟಾ ಕಣವೊಂದು ಹಾದುಹೋದಾಗಲೂ ಅತಿ ಸಣ್ಣ ಮಿಡಿತ ಕೊಡುತ್ತದೆ. ಅದನ್ನು ದೊಡ್ಡದು ಮಾಡಿದರೆ ಎಣಿಸಬಹುದು. ಯುರೋಪಿನ ಸರ್ನ್ ಪ್ರಯೋಗಾಲಯದವರು ಪ್ರೌಢಶಾಲೆ ಮಕ್ಕಳಿಗಾಗಿಯೇ ಇಂಥ ಸರ್ಕಿಟ್ಟಿನ ಚಿತ್ರವನ್ನು ಉಚಿತವಾಗಿ ಕೊಟ್ಟಿದ್ದಾರೆ. ನಾಲ್ಕು ಡಯೋಡು, ಒಂದು ಐಸಿ, 9 ವೋಲ್ಟ್ ಬ್ಯಾಟರಿ, ತಗಡಿನ ಬಿಸ್ಕತ್ ಡಬ್ಬಿ.

ಹತ್ತು ದಿನ ಬೆಸುಗೆ ಹಾಕಿ ತೆಗೆದು ಮಾಡಿದೆವು. ಮೊದಲು ಮುಚ್ಚಳದ ಸಂದಿಯಿಂದ ಬೆಳಕು ನುಗ್ಗುತ್ತಿತ್ತು. ಅದನ್ನು ಮುಚ್ಚಿದ ಮೇಲೆ ಮೊಬೈಲಿಗೆ ಕರೆ ಬಂದಾಗಲೆಲ್ಲ ವಿಕಿರಣ ಏರುತ್ತಿತ್ತು. ಮೊಬೈಲ್ ದೂರ ಇಟ್ಟೆವು. ಆಮೇಲೂ ರಾತ್ರಿ ಹೊತ್ತು ಆಗಾಗ ಎಣಿಕೆ ಒಮ್ಮೆಲೇ ನೂರು ದಾಟಿ ಮತ್ತೆ ಶಾಂತ ಆಗುತ್ತಿತ್ತು. ಬ್ರಹ್ಮಾಂಡದ ಯಾವುದೋ ಮೂಲೆಯಿಂದ ಕಣಗಳ ಮಳೆ ಬರುತ್ತಿದೆ ಅಂತ ಗೆಳೆಯ ಎರಡು ದಿನ ನಿದ್ದೆಗೆಟ್ಟ. ಮೂರನೇ ರಾತ್ರಿ ಸಮಯ ಬರೆದಿಟ್ಟು ನೋಡಿದರೆ ಅದು ಹುಬ್ಬಳ್ಳಿ ಕಡೆಯ ಗೂಡ್ಸ್ ರೈಲು! ನಮ್ಮ ಮನೆ ಹಳಿಗೆ ಹತ್ತಿರ. ರೈಲಿನ ಅದುರಾಟಕ್ಕೆ ಡಬ್ಬಿ ಕಂಪಿಸಿ ಸರ್ಕಿಟ್ಟು ಸುಳ್ಳು ಮಿಡಿತ ಕೊಡುತ್ತಿತ್ತು. ಚಪ್ಪಾಳೆ ತಟ್ಟಿದರೂ ಎಣಿಸುತ್ತಿತ್ತು. ವಿಜ್ಞಾನ ದಿನ ಹೀಗೆಯೇ ಕಳೆದುಹೋಯಿತು. ಬಹುಮಾನ ಯಾರಿಗೆ ಬಂತು ಅಂತ ಕೇಳಬೇಡಿ.

ಆದರೂ ನಾನು ಹೇಳುವುದು, ಮೊದಲು ಇದನ್ನೇ ಮಾಡಿ. ಪದವಿಯ ಮೂರು ವರ್ಷದ ಪ್ರಾಕ್ಟಿಕಲ್ಲಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ನಾವು ಅಲ್ಲಿಗೆ ತಲುಪಿಸಿ ರೆಕಾರ್ಡ್ ಬರೆಯುತ್ತೇವೆ. ನಾವು ನೋಡುತ್ತಿರುವುದು ಕಣವೋ ರೈಲೋ ಅಂತ ತಲೆ ಕೆಡಿಸಿಕೊಂಡಿದ್ದು ನನಗೆ ಆ ಬಿಸ್ಕತ್ ಡಬ್ಬಿಯ ಮುಂದೆಯೇ ಮೊದಲು.

ಬೇಸಿಗೆ ರಜೆಯಲ್ಲಿ ಇಬ್ಬರೂ ದುಡ್ಡು ಕೂಡಿಸಿ ಗೈಗರ್ ಕೊಳವೆಯ ಕಿಟ್ ತರಿಸಿದೆವು. ಪೆನ್ನಿನಷ್ಟು ಉದ್ದದ ಲೋಹದ ಕೊಳವೆ, ಒಳಗೆ ಕಡಿಮೆ ಒತ್ತಡದ ಅನಿಲ, ನಡುವೆ ಒಂದು ತಂತಿ. ತಂತಿಗೂ ಹೊರಗೋಡೆಗೂ ನಡುವೆ ಸುಮಾರು 400 ವೋಲ್ಟ್. ಕಣವೊಂದು ಒಳಗೆ ನುಗ್ಗಿ ಅನಿಲದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತರೆ, ಅದು ತಂತಿಯತ್ತ ಓಡುತ್ತಾ ಇನ್ನಷ್ಟನ್ನು ಕೀಳುತ್ತದೆ, ಅವು ಮತ್ತಷ್ಟನ್ನು. ಕ್ಷಣಾರ್ಧದ ಆ ಪ್ರವಾಹವೇ ‘ಟಿಕ್’. 400 ವೋಲ್ಟ್ ಕೈಗೆ ತಾಗಿದರೆ ಜೋರಾಗಿಯೇ ಹೊಡೆಯುತ್ತದೆ. ಆ ಭಾಗವನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ, ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟೇ ಮುಟ್ಟಬೇಕು.

ಹತ್ತಿರ ಏನೂ ಇಡದಿದ್ದರೂ ಅದು ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಟಿಕ್ ಅನ್ನುತ್ತಿತ್ತು. ಹತ್ತು ನಿಮಿಷಕ್ಕೆ 212. ಯಂತ್ರ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ. ನೆಲದ ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ, ಗಾಳಿಯಲ್ಲಿನ ರೇಡಾನ್, ಆಕಾಶದಿಂದ ಬರುವ ಕಣಗಳು, ಎಲ್ಲ ಸೇರಿ ಮಾಡುವ ಸದ್ದು ಅದು. ಎಲ್ಲಿಗೆ ಹೋದರೂ ಅದು ಇದ್ದದ್ದೇ.

ಈ 212ರ ಬಗ್ಗೆ ಒಂದು ಸೂತ್ರ ಕಲಿತೆ, ಅದು ಉಳಿದೆಲ್ಲಕ್ಕೂ ಬೇಕು. ಹೀಗೆ ತಾನಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಎಣಿಕೆಯಲ್ಲಿ ಏರುಪೇರು ಎಷ್ಟು ಅಂದರೆ ಆ ಸಂಖ್ಯೆಯ ವರ್ಗಮೂಲದಷ್ಟು. 212ರ ವರ್ಗಮೂಲ ಸುಮಾರು 15. ಅಂದರೆ ಮುಂದಿನ ಹತ್ತು ನಿಮಿಷಕ್ಕೆ 200 ಬಂದರೂ 225 ಬಂದರೂ ಏನೂ ಬದಲಾಗಿಲ್ಲ ಅಂತಲೇ ಅರ್ಥ. ಹೆಚ್ಚು ಹೊತ್ತು ಎಣಿಸಿದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ.

ಇನ್ನು ಎಣಿಸಲು ಏನಾದರೂ ಬೇಕಲ್ಲ. ಕೊಟ್ಟಿಗೆಯ ಮೂಲೆಯಲ್ಲೇ ಇತ್ತು. ಅಪ್ಪ ಮೆಕ್ಕೆಜೋಳಕ್ಕೆ, ಅಡಿಕೆ ಗಿಡಕ್ಕೆ ಅಂತ ತಂದಿಟ್ಟಿದ್ದ ಕೆಂಪು ಪೊಟ್ಯಾಷ್ ಚೀಲ. ಎಂಒಪಿ, ಪೊಟ್ಯಾಸಿಯಂ ಕ್ಲೋರೈಡ್. ಜಗತ್ತಿನ ಪೊಟ್ಯಾಸಿಯಂ ಎಲ್ಲದರಲ್ಲೂ ನೂರಕ್ಕೆ 0.0117ರಷ್ಟು ಪೊಟ್ಯಾಸಿಯಂ–40 ಇದ್ದೇ ಇರುತ್ತದೆ. ಅದು ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. 50 ಕಿಲೋ ಚೀಲದಲ್ಲಿ ಹೆಚ್ಚುಕಡಿಮೆ 25 ಕಿಲೋ ಪೊಟ್ಯಾಸಿಯಂ ಇರುವುದರಿಂದ, ಒಂದು ಚೀಲದಲ್ಲಿ ಸೆಕೆಂಡಿಗೆ ಏಳೂವರೆ ಲಕ್ಷಕ್ಕೂ ಮೇಲೆ!

ಒಂದು ತಟ್ಟೆಯಲ್ಲಿ ಪೊಟ್ಯಾಷ್ ಹರವಿ ಕೊಳವೆಯನ್ನು ಅದರ ಮೇಲೆ ಇಟ್ಟೆವು. ಹತ್ತು ನಿಮಿಷಕ್ಕೆ 338. ಅದೇ ತಟ್ಟೆಗೆ ಯೂರಿಯಾ ಹಾಕಿದರೆ 205, ಅಂದರೆ ಖಾಲಿ ತಟ್ಟೆಯಷ್ಟೇ. ಪೊಟ್ಯಾಷ್‌ನಿಂದ ಹೆಚ್ಚಾದದ್ದು 126, ಏರುಪೇರು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಇದು ರೈಲಲ್ಲ, ಮೊಬೈಲಲ್ಲ. ನಮ್ಮ ಕೊಟ್ಟಿಗೆಯಲ್ಲಿ ಪರಮಾಣು ಒಡೆಯುವುದನ್ನು ನಮ್ಮ ಕಿವಿಯಿಂದಲೇ ಕೇಳಿದ್ದೆವು.

ಖುಷಿಗೆ ಅಪ್ಪನನ್ನು ಕರೆದು ಕೇಳಿಸಿದೆ. ಅದು ತಪ್ಪಾಯಿತು. ಟಿಕ್ ಟಿಕ್ ಕೇಳಿ ಅಪ್ಪನ ಮುಖ ಸಣ್ಣಗಾಯಿತು.

“ಅಲ್ಲಪಾ, ಇದರಾಗ ವಿಕಿರಣ ಐತಿ ಅಂತೀಯ. ಇಷ್ಟು ವರ್ಷ ನಾನು, ನಿಮ್ಮವ್ವ ಬರಿಗೈಲೆ ಎರಚಿದ್ವಲ್ಲ?”

ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದದ್ದು ಆಗ ಯಾವುದೂ ಬಾಯಿಗೆ ಬರಲಿಲ್ಲ. ರಾತ್ರಿ ಕೂತು ಲೆಕ್ಕ ಮಾಡಿ ಬೆಳಗ್ಗೆ ಹೇಳಿದೆ. ಪೊಟ್ಯಾಸಿಯಂ ಇಲ್ಲದೆ ನರ, ಹೃದಯ ಏನೂ ನಡೆಯದು. ದೊಡ್ಡವರ ಮೈಯಲ್ಲಿ ಸುಮಾರು 140 ಗ್ರಾಂ ಇರುತ್ತದೆ, ಹಾಗಾಗಿ ನಮ್ಮೊಳಗೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣು ಒಡೆಯುತ್ತಲೇ ಇರುತ್ತವೆ, ಹುಟ್ಟಿದಾಗಿನಿಂದ. ಅದರಿಂದ ವರ್ಷಕ್ಕೆ ಮೈಗೆ ತಾಗುವುದು ಸುಮಾರು 0.17 ಮಿಲಿಸೀವರ್ಟ್. ಪ್ರಕೃತಿಯಿಂದ ಮನುಷ್ಯನಿಗೆ ವರ್ಷಕ್ಕೆ ಬರುವ ಸರಾಸರಿ 2.4 ಮಿಲಿಸೀವರ್ಟ್‌ನಲ್ಲಿ ಅದು ಒಂದು ಸಣ್ಣ ಪಾಲು. ಬಾಳೆಹಣ್ಣು ಹೆಚ್ಚು ತಿಂದರೂ ಮೈ ಹೆಚ್ಚಾದದ್ದನ್ನು ಹೊರಹಾಕಿ ಲೆಕ್ಕ ಸರಿ ಮಾಡುತ್ತದೆ. ಚೀಲದ ಲಕ್ಷಗಳಲ್ಲಿ ಬೀಟಾ ಕಣಗಳೇ ಹೆಚ್ಚು, ಅವು ಬಹುಪಾಲು ಗೊಬ್ಬರದೊಳಗೇ ಸಿಕ್ಕಿಬೀಳುತ್ತವೆ. ಗೊಬ್ಬರ ಎರಚಿದ ಮೇಲೆ ಕೈ ತೊಳೆಯಬೇಕು, ನಿಜ. ಆದರೆ ಅದು ವಿಕಿರಣದ ಕಾರಣಕ್ಕಲ್ಲ.

ಅಪ್ಪ ಪೂರ್ತಿ ಒಪ್ಪಿದ ಅನ್ನಲಾರೆ. “ನೀನು ಓದಿದೋನು, ಊರಾಗ ಮಾತ್ರ ಹೇಳಿ ತಿರುಗಬ್ಯಾಡ” ಅಂದ.

ಆ ತಟ್ಟೆ ಖಾಲಿ ಇದ್ದಾಗಲೂ ಬರುವ ಟಿಕ್ಕುಗಳನ್ನು ಕಮ್ಮಿ ಮಾಡುವುದು ಹೇಗೆ ಅಂತ ಹುಡುಕುತ್ತಾ ಹೋದಾಗಲೇ ನಮ್ಮ ರಾಜ್ಯದ್ದೇ ಒಂದು ಕಥೆ ಸಿಕ್ಕಿತು. ಆಕಾಶದಿಂದ ಬರುವ ಕಣಗಳಲ್ಲಿ ನೆಲ ಮುಟ್ಟುವವು ಹೆಚ್ಚಾಗಿ ಮ್ಯುವಾನ್‌ಗಳು, ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅವು ಛಾವಣಿ, ಗೋಡೆ ಯಾವುದಕ್ಕೂ ಜಗ್ಗುವುದಿಲ್ಲ. ತಡೆಯಲು ಬೆಟ್ಟದಷ್ಟು ಕಲ್ಲು ಬೇಕು. ಅಷ್ಟು ಕಲ್ಲು ತಲೆ ಮೇಲಿರುವ ಜಾಗ ಕೋಲಾರದ ಚಿನ್ನದ ಗಣಿ.

1951ರಲ್ಲಿ ಹೋಮಿ ಭಾಭಾ ತಮ್ಮ ವಿದ್ಯಾರ್ಥಿ ಬಿ.ವಿ. ಶ್ರೀಕಂಠನ್ ಅವರನ್ನು ಆ ಗಣಿಗೆ ಇಳಿಸಿದರು, ಆಳಕ್ಕೆ ಹೋದಂತೆ ಮ್ಯುವಾನ್ ಹೇಗೆ ಕಮ್ಮಿ ಆಗುತ್ತವೆ ಅಂತ ಅಳೆಯಲು. ಶ್ರೀಕಂಠನ್ ಕನ್ನಡನಾಡಿನವರೇ, ಮೈಸೂರು ವಿಶ್ವವಿದ್ಯಾಲಯದಲ್ಲಿ ವೈರ್‌ಲೆಸ್ ವಿಷಯ ತೆಗೆದುಕೊಂಡು ಎಂಎಸ್ಸಿ ಓದಿದವರು. ಆಗ ವಯಸ್ಸು ಇಪ್ಪತ್ತಾರು. ಜೊತೆಗೆ ಒಯ್ದದ್ದು ಗೈಗರ್ ಕೌಂಟರ್‌ಗಳನ್ನು, ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಟಿಕ್ ಅನ್ನುತ್ತಿದ್ದ ವಸ್ತುವಿನ ಅಣ್ಣಂದಿರನ್ನು. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

1960ರ ದಶಕದ ಆರಂಭದಲ್ಲಿ ಆ ಸಂಸ್ಥೆಯ ತಂಡ ಇನ್ನೂ ಆಳಕ್ಕೆ ಇಳಿಯಿತು. ಅತಿ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ. ಸೊನ್ನೆ! ನಾನಾಗಿದ್ದರೆ ಕಿಟ್ ಕೆಟ್ಟಿದೆ ಅಂತ ಬ್ಯಾಟರಿ ಬದಲಿಸುತ್ತಿದ್ದೆ. ಅವರಿಗೆ ಅದರಲ್ಲಿ ಬೇರೆಯೇ ಕಂಡಿತು. ಇಷ್ಟು ಸದ್ದಿಲ್ಲದ ಜಾಗ ಇದ್ದರೆ, ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೊಗಳ ಗುರುತು ಹಿಡಿಯಬಹುದು. ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರನ್ನು ಕೂಡಿಕೊಂಡು ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ವರದಿ ಮಾಡಿದವರು ಅವರೇ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ಇನ್ನೊಂದು ತಂಡದ ಲೇಖನ ಪ್ರಕಟವಾದದ್ದು ಎರಡು ವಾರದ ನಂತರ. ಕೆಜಿಎಫ್ ಅಂದರೆ ಸಿನಿಮಾ ಮಾತ್ರ ನೆನಪಾಗುವ ನಮ್ಮ ಬ್ಯಾಚಿನವರಿಗೆ ಇದನ್ನು ಹೇಳಿದರೆ ಅರ್ಧ ಜನ ನಂಬುವುದಿಲ್ಲ.

ನಮ್ಮ ಮುಂದಿನ ಪ್ರಯೋಗ ಮಳೆಯದು. ಜೋರು ಮಳೆ ಶುರುವಾದ ಕೂಡಲೇ ಟ್ರ್ಯಾಕ್ಟರ್ ಬಾನೆಟ್ಟಿನ ನೀರನ್ನು ಟಿಶ್ಯೂ ಕಾಗದದಿಂದ ಒರೆಸಿ, ಮಡಿಸಿ ಕೊಳವೆಗೆ ತಾಗಿಸಿದರೆ ಎಣಿಕೆ ಎರಡು ಪಟ್ಟು ದಾಟಿತು. ಗಾಳಿಯಲ್ಲಿನ ರೇಡಾನ್‌ನಿಂದ ಹುಟ್ಟುವ ಸೀಸ, ಬಿಸ್ಮತ್‌ಗಳ ವಿಕಿರಣಶೀಲ ರೂಪಗಳನ್ನು ಮಳೆ ತೊಳೆದು ಕೆಳಗೆ ತರುತ್ತದೆ. ಅವು ಅಲ್ಪಾಯುಷಿಗಳು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೆಚ್ಚಳ ಅರ್ಧಕ್ಕೆ ಇಳಿದಿತ್ತು, ಎರಡು ಮೂರು ಗಂಟೆಗೆ ಮಾಮೂಲಿಗೆ ಬಂತು. ಪುಸ್ತಕದಲ್ಲಿನ ಅರ್ಧಾಯುಷ್ಯದ ವಕ್ರರೇಖೆ ಗ್ರಾಫ್ ಹಾಳೆ ಮೇಲೆ ತಾನಾಗಿ ಬಿತ್ತು. ಮಳೆ ಇಲ್ಲದವರು ಬಲೂನನ್ನು ಕೂದಲಿಗೆ ಉಜ್ಜಿ ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ತೂಗಿಬಿಟ್ಟು, ಗಾಳಿ ತೆಗೆದು ಕೊಳವೆಗೆ ಹಿಡಿದರೂ ಅದೇ ಕಾಣುತ್ತದೆ. ಯಾವ ಅನುಮತಿಯೂ ಬೇಡ, ಯಾವ ಮೂಲವನ್ನೂ ಕೊಳ್ಳಬೇಕಿಲ್ಲ.

ಇದರಿಂದ ಕೆಲಸ ಸಿಗುತ್ತಾ ಅಂತ ಈ ಪುಟ ಓದುವವರು ಕೇಳುತ್ತೀರಿ, ನಾನೂ ಅದೇ ಸಾಲಿನಲ್ಲಿ ನಿಂತವನು. ಕಿಟ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಆದರೆ ದಾರಿಗಳಿವೆ ಅಂತ ಗೊತ್ತಾಗಿದ್ದು ಇದರಿಂದಲೇ. ಆಸ್ಪತ್ರೆಯ ಎಕ್ಸ್‌ರೇ, ಸಿ.ಟಿ. ವಿಭಾಗಕ್ಕೆ ಇಮೇಜಿಂಗ್ ಕೋರ್ಸುಗಳಿವೆ. ಭೌತವಿಜ್ಞಾನದಲ್ಲಿ ಎಂಎಸ್ಸಿ ಮಾಡಿದವರಿಗೆ ಬಾರ್ಕ್‌ನ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಇದೆ, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗೆ ಕೊಡುವ ವಿಕಿರಣದ ಲೆಕ್ಕ ಹಾಕುವವರು ಅಲ್ಲಿಂದ ಬರುತ್ತಾರೆ. ಪೈಪು, ಬಾಯ್ಲರುಗಳ ವೆಲ್ಡಿಂಗ್ ಒಳಗೆ ಬಿರುಕಿದೆಯೇ ಅಂತ ಎಕ್ಸ್‌ರೇ ತೆಗೆದು ನೋಡುವ ಕೆಲಸವೂ ಇದೆ. ನನ್ನ ಗೆಳೆಯ ಅದರಲ್ಲೇ ಈಗ ಟ್ರೈನಿ. ಮೊದಲ ದಿನ ಎದೆಗೆ ಬ್ಯಾಡ್ಜ್ ಸಿಕ್ಕಿಸಿದ ಫೋಟೊ ಕಳಿಸಿದ್ದ. ನಾನು ಎಂಎಸ್ಸಿ ಮುಗಿಸಿ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ.

ಈ ವರ್ಷ ಮುಂಗಾರಿಗೆ ಮುಂಚೆ ಪಕ್ಕದ ಹೊಲದ ಕಾಕ ಮನೆಗೆ ಬಂದರು. ಹೊರಗಿನಿಂದ ಕಮ್ಮಿ ರೇಟಿಗೆ ಅಂತ ತಂದ ಪೊಟ್ಯಾಷ್ ಬಣ್ಣ ಯಾಕೋ ಕೈಗೆ ಹತ್ತುತ್ತಿದೆ, ನೀರಿಗೆ ಹಾಕಿದರೆ ತಳದಲ್ಲಿ ಮರಳು ಉಳಿಯುತ್ತಿದೆ ಅಂದರು. ನಾನು ಏನೋ ಹೇಳುವ ಮೊದಲೇ ಅಪ್ಪ, “ನಿನ್ನ ಟಿಕ್ ಟಿಕ್ ಹಿಡಿದು ನೋಡಲೇ” ಅಂದ. ಊರಾಗ ಹೇಳಬ್ಯಾಡ ಅಂದ ಅಪ್ಪನೇ!

ಅದೇ ತಟ್ಟೆ, ಅಷ್ಟೇ ತೂಕ, ಅಷ್ಟೇ ದೂರ. ಹತ್ತು ನಿಮಿಷಕ್ಕೆ 241 ಬಂತು. ಖಾಲಿ ತಟ್ಟೆಗಿಂತ 29 ಜಾಸ್ತಿ, ಆದರೆ ಏರುಪೇರೇ 21. ಇಷ್ಟರ ಮೇಲೆ ಏನೂ ಹೇಳುವ ಹಾಗಿರಲಿಲ್ಲ. ಕಾಕನನ್ನು ಕೂರಿಸಿ, ಅವ್ವ ಎರಡು ಸಲ ಚಹಾ ಕೊಟ್ಟು, ಒಂದೊಂದು ಗಂಟೆ ಎಣಿಸಿದೆ. ಖಾಲಿ ತಟ್ಟೆ 1,260. ನಮ್ಮ ಚೀಲದ್ದು 2,030. ಕಾಕನದು 1,430. ನಮ್ಮ ಪೊಟ್ಯಾಷ್ ಕೊಟ್ಟ ಹೆಚ್ಚಳ 770, ಅವರದು 170. ಪೊಟ್ಯಾಸಿಯಂ ಇದೆ, ಆದರೆ ಇರಬೇಕಾದದ್ದರಲ್ಲಿ ಕಾಲು ಭಾಗವೂ ಇದ್ದಂತಿಲ್ಲ.

ನನ್ನ ಕಿಟ್ ಕಾನೂನಿನ ಸಾಕ್ಷಿ ಅಲ್ಲ, ಅದನ್ನು ಕಾಕನಿಗೆ ಬಿಡಿಸಿ ಹೇಳಿದೆ. ಗೊಬ್ಬರ ಅಸಲಿಯೋ ಅಲ್ಲವೋ ಅಂತ ಹೇಳಬೇಕಾದದ್ದು ಇಲಾಖೆಯ ಲ್ಯಾಬು. ಮರುದಿನ ಮೂವರೂ ಚೀಲ, ಚೀಟಿ ಎರಡನ್ನೂ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದೆವು. ಮಾದರಿ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ ಅಂದರು. ವರದಿ ಬರುವವರೆಗೆ ಆ ಚೀಲವನ್ನು ಹೊಲಕ್ಕೆ ಹಾಕದೆ ಕಾಕ ತಮ್ಮ ಕೊಟ್ಟಿಗೆಯಲ್ಲೇ ಕಟ್ಟಿಟ್ಟಿದ್ದಾರೆ. ಮೊನ್ನೆ ಇನ್ನಿಬ್ಬರು ತಮ್ಮ ಗೊಬ್ಬರವನ್ನು ಚಹಾಪುಡಿ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದರು. ಒಂದು ಗಂಟೆ ಆಗುತ್ತದೆ, ಕೂತ್ಕೊಳ್ರಿ ಅಂದೆ.